ರೊಟ್ಟಿಯವರ ಊರಿನಲ್ಲಿ ಎಷ್ಟು ಮನೆ

ನಮ್ಮ ಅಮ್ಮನಿಗೆ ಊರು ಕೇಳುವ ರೋಗ. ಪುತ್ತೂರಿನ ಕಡೆಯ ನಮ್ಮ ಮನೆಗೆ ಪಂಪು ರಿಪೇರಿಗೆ ಬಂದವನಿರಲಿ, ಮತ ಕೇಳಲು ಬಂದವನಿರಲಿ, ಜಗಲಿಗೆ ಕಾಲಿಟ್ಟ ಕೂಡಲೇ ‘ನಿಮಗೆ ಊರು ಎಲ್ಲಾಯ್ತು?’ ಎಂದು ಶುರು. ಊರು ಹೇಳಿದರೆ ಮುಗಿಯಲಿಲ್ಲ. ಊರಿನಲ್ಲಿ ಯಾವ ಮನೆ, ಆ ಮನೆಯಿಂದ ಮೇಲೆ ಯಾರದ್ದು, ಕೆಳಗೆ ಯಾರದ್ದು, ಬಸ್ಸು ಎಲ್ಲಿಯವರೆಗೆ ಬರುತ್ತದೆ, ಎಲ್ಲ ಆಗಬೇಕು. ಅದಾದ ಮೇಲೆಯೇ ಬೆಲ್ಲ ನೀರು. ಉತ್ತರ ಸರಿಯಾಗಿ ಕೊಡಲಾರದೆ ಬಾಯಾರಿಕೆಯಲ್ಲೇ ಹೊರಟುಹೋದ ಮೀಟರ್ ರೀಡರ್ ಒಬ್ಬನಿದ್ದಾನೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ನೋಡಿಲ್ಲ, ಆದರೆ ನಂಬುತ್ತೇನೆ.

ಅಂಥ ಅಮ್ಮ ಮಗನ ಮನೆಯಲ್ಲಿ ಕೆಲವು ತಿಂಗಳು ಇರುವುದಕ್ಕೆಂದು ದೋಹಾಕ್ಕೆ ಬಂದಳು. ನಾವಿರುವುದು ನಜ್ಮಾದಲ್ಲಿ. ಕೆಳಗೆ ದರ್ಜಿ ಅಂಗಡಿ, ಪಕ್ಕದಲ್ಲಿ ಕೆಫೆಟೇರಿಯಾ, ಮೇಲೆ ಒಂದೊಂದು ಕೋಣೆಯಲ್ಲಿ ಏಳೆಂಟು ಜನ. ಜಗತ್ತಿನ ಅರ್ಧ ಊರುಗಳು ನಮ್ಮ ಮೆಟ್ಟಿಲಲ್ಲೇ ಹತ್ತಿ ಇಳಿಯುತ್ತವೆ. ಅಮ್ಮನ ಪಾಲಿಗೆ ಅದು ಸುಗ್ಗಿಯಾಗಬೇಕಿತ್ತು, ಆಗಲಿಲ್ಲ. ಎಲ್ಲರೂ ಓಡುತ್ತಿರುತ್ತಾರೆ. ನೇಪಾಳದ ವಾಚ್‌ಮನ್ ‘ಪೋಖರಾ ಸೈಡ್’ ಎಂದು ಹೇಳಿ ಲಿಫ್ಟಿನ ಬಾಗಿಲು ಹಾಕಿಕೊಂಡ. ‘ಸೈಡ್ ಅಂದ್ರೆ ಎಂತ? ಸೈಡಲ್ಲಿ ಯಾರಾದ್ರೂ ಹುಟ್ತಾರಾ?’ ಎಂದು ಅಮ್ಮ ಎರಡು ದಿನ ಗೊಣಗಿದಳು. ನಾವು ಮನೆಯಲ್ಲಿ ಮಾತಾಡುವುದು ತುಳು. ಅಮ್ಮನ ಮಾತನ್ನು ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ, ಖಾರ ಸ್ವಲ್ಪ ಇಳಿದಿದೆ.

ನಮ್ಮ ಬೀದಿಯ ತುದಿಯಲ್ಲಿ ಒಂದು ಇರಾನಿ ರೊಟ್ಟಿ ಅಂಗಡಿ. ಅಂಗಡಿ ಎಂದರೆ ಒಂದು ಕಿಟಕಿ, ಒಳಗೊಂದು ತಂದೂರು, ತಂದೂರಿನ ಮುಂದೆ ದಪ್ಪ ಮೀಸೆಯ ಒಬ್ಬ ಹಿರಿಯರು. ಈ ದೇಶದಲ್ಲಿ ಯಾವ ಅಂಗಡಿಯ ಮುಂದೆ ಬೇಕಾದರೂ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಸಾಮಾನು ಕಾರಿಗೇ ಬರುತ್ತದೆ. ಇವರ ಅಂಗಡಿಯಲ್ಲಿ ಅದು ನಡೆಯುವುದಿಲ್ಲ. ಹಾರ್ನ್ ಹೊಡೆದವರಿಗೆ ಕೊನೆಯ ರೊಟ್ಟಿ. ಅವರಿಗೆ ಒಂದು ಹೆಸರಿದೆ, ಬರೆಯುವುದಿಲ್ಲ. ಅಮ್ಮ ಇಟ್ಟ ಹೆಸರು ‘ರೊಟ್ಟಿಯವರು’, ಅದೇ ಸಾಕು. ಬಂಗುಡೆ ಗಸಿಯ ಜೊತೆ ಅವರ ರೊಟ್ಟಿಯನ್ನು ಮೊದಲ ಸಲ ತಿಂದ ದಿನ ಅಮ್ಮ ‘ತಿನ್ಲಿಕ್ಕಾಗ್ತದೆ’ ಎಂದಳು. ನನ್ನ ಮದುವೆಯ ಊಟಕ್ಕೂ ಅವಳು ಇಷ್ಟು ಹೊಗಳಿಕೆ ಕೊಟ್ಟಿರಲಿಲ್ಲ.

ಮರುದಿನ ಸಂಜೆ ನನ್ನ ಜೊತೆ ತಾನೂ ಬಂದಳು.

‘ಇವರಿಗೆ ಊರು ಎಲ್ಲಾಯ್ತು ಕೇಳು.’

‘ಇರಾನ್, ಅಮ್ಮ.’

‘ಇರಾನ್ ಊರಾ? ನಿನ್ನ ಊರು ಕೇಳಿದ್ರೆ ಇಂಡಿಯಾ ಅಂತ ಹೇಳ್ತಿಯಾ ನೀನು?’

ಕೇಳಿದೆ. ನಮ್ಮಿಬ್ಬರ ನಡುವೆ ನಡೆಯುವುದು ಗಲ್ಫಿನ ಹಿಂದಿ, ಅದರಲ್ಲಿ ವ್ಯಾಕರಣ ಯಾರಿಗೂ ತೊಂದರೆ ಕೊಡುವುದಿಲ್ಲ. ರೊಟ್ಟಿಯವರು ಕಬ್ಬಿಣದ ಕೊಕ್ಕೆಯನ್ನು ಹಿಡಿದುಕೊಂಡೇ ತಿರುಗಿದರು. ಇಷ್ಟು ವರ್ಷ ರೊಟ್ಟಿ ಕೊಂಡವರಲ್ಲಿ ಒಬ್ಬರೂ ಊರು ಕೇಳಿರಲಿಲ್ಲವಂತೆ. ಕೊಕ್ಕೆಯನ್ನು ತಂಪು ಪಾನೀಯದ ಫ್ರಿಜ್ಜಿನ ಕಡೆಗೆ ಚಾಚಿ, ‘ಅಲ್ಲಿ’ ಎಂದರು. ಫ್ರಿಜ್ಜಿನ ಆಚೆ ಗೋಡೆ, ಗೋಡೆಯ ಆಚೆ ಸಮುದ್ರ, ಸಮುದ್ರ ದಾಟಿದರೆ ಫಾರ್ಸ್ ಪ್ರಾಂತ್ಯ. ಶಿರಾಜ್‌ನಿಂದ ದಕ್ಷಿಣಕ್ಕೆ ಬಸ್ಸು, ಬಸ್ಸು ನಿಂತಲ್ಲಿಂದ ಪಿಕಪ್, ಪಿಕಪ್ ನಿಂತಲ್ಲಿ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಅವರ ಊರು. ಮಾತು ಫಾರ್ಸಿ, ಚೊಕ್ಕ ಫಾರ್ಸಿ. ಅದೇ ಗುಡ್ಡದ ಇನ್ನೊಂದು ಬದಿಯಲ್ಲಿ ಮತ್ತೊಂದು ಊರಿದೆ. ಅವರೂ ಆಡುವುದು ಫಾರ್ಸಿಯೇ, ಆದರೆ ಅದನ್ನು ಫಾರ್ಸಿ ಎನ್ನಬಾರದಂತೆ. ಯಾವುದು ಮೊದಲು ಹುಟ್ಟಿದ ಊರು, ಯಾವುದು ಅದರ ಬಾಲ ಎಂಬ ವಿಷಯದಲ್ಲಿ ಎರಡೂ ಊರಿನವರಿಗೆ ಅಜ್ಜಂದಿರ ಕಾಲದಿಂದ ಮಾತಿಲ್ಲ.

ಅಮ್ಮನಿಗೆ ಇದೆಲ್ಲ ಚೆನ್ನಾಗಿ ಅರ್ಥವಾಯಿತು. ‘ಎಷ್ಟು ಮನೆ ಉಂಟು?’

‘ಐವತ್ತು, ಮಾದರ್’ ಎಂದರು ರೊಟ್ಟಿಯವರು. ಅಮ್ಮನನ್ನು ಅವರು ಮೊದಲ ದಿನದಿಂದಲೂ ಮಾದರ್ ಎಂದೇ ಕರೆದರು, ತಾಯಿ ಎಂದರೆ ಅವರಲ್ಲಿ ಹಾಗೆ.

‘ಬಸ್ಸು ಊರೊಳಗೆ ಬರ್ತದಾ ಕೇಳು.’ ಬರುವುದಿಲ್ಲ. ‘ಶಾಲೆ?’ ಕೆಳಗಿನ ಪೇಟೆಗೆ ಹೋಗಬೇಕು. ‘ಹಿಟ್ಟಿನ ಮಿಲ್ಲು?’ ಮಾಫಿ, ಅಂದರೆ ಅದೂ ಇಲ್ಲ. ಅಮ್ಮ ನನ್ನ ಕಡೆ ತಿರುಗಿದಳು. ‘ಐವತ್ತು ಮನೆ ಇದ್ದ ಊರಿಗೆ ಮಿಲ್ಲು ಇಲ್ವಂತಾ? ಹದಿನೈದರ ಮೇಲೆ ಒಂದು ಮನೆ ಇದ್ರೆ ನನ್ನನ್ನು ಬೇರೆ ಹೆಸರಲ್ಲಿ ಕರಿ.’

ಆಮೇಲೆ ದಿನಾ ಸಂಜೆ ಇದೇ ವಿಚಾರಣೆ. ಐವತ್ತು ನಲವತ್ತಕ್ಕೆ ಇಳಿಯಿತು, ಅಲ್ಲಿಂದ ಕೆಳಗೆ ಇಳಿಯಲು ಒಪ್ಪಲಿಲ್ಲ. ಬಿಡಿಸಿ ನೋಡಿದರೆ ಅದರಲ್ಲಿ ದೋಹಾದಲ್ಲಿರುವವರು, ಕುವೈತಿಗೆ ಹೋದವರು, ಶಿರಾಜ್‌ನಲ್ಲಿ ಮನೆ ಮಾಡಿಕೊಂಡವರು ಎಲ್ಲ ಸೇರಿದ್ದರು. ತೀರಿಕೊಂಡ ಒಬ್ಬ ಚಿಕ್ಕಪ್ಪನೂ ಇದ್ದ, ಯಾಕೆಂದರೆ ಅವನ ಮನೆಯ ಬಾಗಿಲು ಇನ್ನೂ ಗಟ್ಟಿಯಾಗಿದೆ. ದಿನವೂ ಒಲೆ ಉರಿಯುವ ಮನೆ ಹನ್ನೊಂದೋ ಹನ್ನೆರಡೋ. ಅಮ್ಮ ತಾನು ಗೆದ್ದೆನೆಂದು ಬೀಗಿದಳು, ಆದರೆ ಹೊರಗೆ ಬಂದ ಮೇಲೆ ‘ಅವರು ಹೇಳುವುದು ಸುಳ್ಳಲ್ಲ. ಬೊಂಬಾಯಿಗೆ ಹೋದವರನ್ನು ನಾವೂ ಊರಿನ ಲೆಕ್ಕದಿಂದ ಬಿಡ್ಲಿಲ್ಲ’ ಎಂದು ಅವರ ಪರವೂ ವಾದಿಸಿದಳು.

ಹೀಗೆ ಮಾತಿನ ಮೋಜಿನಲ್ಲಿ ಇದ್ದ ಊರಿನ ಲೆಕ್ಕ ಒಂದು ದಿನ ಗಂಟಲಿಗೆ ಬಂದು ನಿಂತಿತು. ರೊಟ್ಟಿಯವರಿಗೆ ಒಬ್ಬಳೇ ಮಗಳು. ಪೇಟೆಯ ಶಾಲೆಯಲ್ಲಿ ಟೀಚರ್. ಶಿರಾಜ್‌ನ ಒಬ್ಬ ಹುಡುಗ ಅವಳ ಜೊತೆ ಓದಿದವನು, ಮದುವೆಯಾದರೆ ಅವಳನ್ನೇ ಎಂದು ಮನೆಯಲ್ಲಿ ಹೇಳಿದ್ದಾನೆ. ಮಗಳಿಗೂ ಅವನೇ ಬೇಕು. ಹುಡುಗನ ತಾಯಿ ಪೇಟೆಯ ಹೆಂಗಸು. ಸೊಸೆಯಾಗುವವಳ ಊರನ್ನು ಫೋನಿನ ಮ್ಯಾಪಿನಲ್ಲಿ ಹುಡುಕಿದ್ದಾಳೆ. ಸಿಕ್ಕಿದ್ದು ಬೋಳು ಗುಡ್ಡ. ಆಕೆ ಕೆಟ್ಟ ಮಾತೇನೂ ಆಡಲಿಲ್ಲ. ‘ತುಂಬಾ ಪ್ರಶಾಂತವಾದ ಜಾಗ ಇರಬೇಕು’ ಎಂದಳಂತೆ ಅಷ್ಟೆ. ಮಗಳು ಫೋನಿನಲ್ಲಿ ಅತ್ತಳು. ಇವರು ಸಿಟ್ಟಿನಲ್ಲಿ ನೇರ ಶಿರಾಜ್‌ಗೆ ಫೋನು ಹಚ್ಚಿ, ನಮ್ಮದು ನಲವತ್ತು ಮನೆಯ ಊರು, ಶುಕ್ರವಾರ ಊಟಕ್ಕೆ ಬಂದು ನೋಡಿ ಎಂದು ಕರೆದುಬಿಟ್ಟರು.

ಕರೆದದ್ದೇನೋ ಸರಿ, ದಾರಿ ತೋರಿಸುವವರು ಯಾರು? ಹೈವೇಗೆ ನನ್ನ ತಮ್ಮನನ್ನು ಕಳಿಸುತ್ತೇನೆ ಎಂದು ಇವರು. ಛೇ, ನಿಮಗೆ ಯಾಕೆ ತೊಂದರೆ ಎಂದು ಅವರು. ತೊಂದರೆ ಎಂಥದ್ದು, ಕಳಿಸುತ್ತೇನೆ ಎಂದು ಇವರು. ಬೇಡವೇ ಬೇಡ ಎಂದು ಅವರು. ಇರಾನಿನ ಕಡೆ ಮೂರನೇ ಸಲ ಒತ್ತಾಯ ಮಾಡಿದ ಮೇಲೆಯೇ ಮರ್ಯಾದಸ್ಥರು ಒಪ್ಪುವುದು. ಮೂರನೇ ಸಲ ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ಟಾಯಿತು.

‘ಮತ್ತೆ ಫೋನ್ ಮಾಡಿ’ ಎಂದೆ ನಾನು.

ರೊಟ್ಟಿಯವರು ನನ್ನನ್ನು ಮರುಕದಿಂದ ನೋಡಿದರು. ಅಮ್ಮನೂ ಹಾಗೆಯೇ ನೋಡಿದಳು. ‘ಅದಕ್ಕಾಗಿ ಪುನಃ ಫೋನ್ ಮಾಡಿದ್ರೆ ನಿಮಗೆ ದಾರಿ ಹುಡುಕ್ಲಿಕ್ಕೆ ಬರುದಿಲ್ಲ ಅಂತ ಹೇಳಿದ ಹಾಗೆ ಆಯ್ತಲ್ಲ ಮಾರಾಯ. ನಿನಗೆ ಅಷ್ಟೂ ಗೊತ್ತಾಗುದಿಲ್ವಾ?’ ಭಾಷೆ ಬಾರದ ಇಬ್ಬರು ನನ್ನನ್ನು ನಡುವೆ ನಿಲ್ಲಿಸಿಕೊಂಡು ಒಂದಾದರು.

ಉಳಿದದ್ದು ಒಂದೇ ದಾರಿ. ಊರನ್ನು ಮ್ಯಾಪಿನಲ್ಲಿ ಹುಡುಕಿ ಗುರುತು ಹಾಕಿ ಹುಡುಗನ ಫೋನಿಗೆ ಕಳಿಸುವುದು. ‘ನೀವು ಇಂಜಿನಿಯರ್, ಮ್ಯಾಪ್ ನಿಮ್ಮ ಕೆಲಸ’ ಎಂದರು ರೊಟ್ಟಿಯವರು. ನಾನು ಚರಂಡಿ ಪೈಪುಗಳ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್. ಆದರೆ ನಜ್ಮಾದಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿದವರೆಲ್ಲ ಇಂಜಿನಿಯರ್‌ಗಳೇ, ಮತ್ತು ಹಾಗೆ ಕರೆದಾಗ ತಿದ್ದುವ ಅಭ್ಯಾಸ ನನಗಿಲ್ಲ.

ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಹಿಟ್ಟಿನ ಚೀಲಗಳ ಮೇಲೆ ಮೂವರೂ ಕೂತೆವು. ಆಕಾಶದಿಂದ ತೆಗೆದ ಚಿತ್ರದಲ್ಲಿ ಗುಡ್ಡ ಬೇಗ ಸಿಕ್ಕಿತು. ತೊಂದರೆ ಆಮೇಲೆ. ಗುಡ್ಡದ ಪಡುವಣಕ್ಕೆ ಒಂದು ಹಿಡಿ ಮನೆಗಳು, ಬಡಗಿಗೆ ಇನ್ನೊಂದು ಹಿಡಿ. ಯಾವುದು ನಿಮ್ಮದು ಎಂದು ಕೇಳಿದರೆ ರೊಟ್ಟಿಯವರು ಫೋನನ್ನು ತಿರುಗಿಸಿದರು, ಮಗುಚಿದರು, ದೂರ ಹಿಡಿದರು. ಕನ್ನಡಕದ ತುಂಬ ಹಿಟ್ಟು. ‘ನಾನು ಊರನ್ನು ಮೇಲಿನಿಂದ ನೋಡಿಲ್ಲ. ನಾನು ಹಕ್ಕಿಯಾ?’ ಎಂದು ನನಗೇ ರೇಗಿದರು.

ಆಗ ಅಮ್ಮ ವಿಷಯವನ್ನು ಕೈಗೆ ತೆಗೆದುಕೊಂಡಳು. ‘ಬಾಗಿಲು ತೆಗೆದು ಹೊರಗೆ ಬಂದ್ರೆ ಎದುರಿಗೆ ಎಂತ ಕಾಣ್ತದೆ ಕೇಳು.’

‘ಗುಡ್ಡ’ ಎಂದರು ರೊಟ್ಟಿಯವರು, ಮುಖವೆಲ್ಲ ಅರಳಿಸಿ. ‘ಎಲ್ಲರ ಬಾಗಿಲ ಎದುರಿಗೂ ಗುಡ್ಡವೇ.’

‘ಆಯ್ತಲ್ಲ ಹಾಗಾದ್ರೆ’ ಎಂದಳು ಅಮ್ಮ. ನನಗೂ ಆಯಿತು ಅನ್ನಿಸಿತು. ಬಾಗಿಲಿನ ಎದುರು ಎಂದರೆ ಮೂಡು. ಗುಡ್ಡ ಮೂಡಿಗೆ ಇದ್ದರೆ ಮನೆಗಳು ಅದರ ಪಡುವಣಕ್ಕೆ. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ? ಪಡುವಣದ ಹಿಡಿಯನ್ನು ದೊಡ್ಡದು ಮಾಡಿ ತೋರಿಸಿದೆ. ನೀರು ಕೂಡಿಡುವ ಗುಂಡು ಚಾವಣಿಯ ಕೊಳ ಬಿಳಿ ಚುಕ್ಕೆಯಂತೆ ಕಂಡಿತು. ರೊಟ್ಟಿಯವರು ‘ಇದೇ, ನಮ್ಮ ಅಜ್ಜ ಕಟ್ಟಿಸಿದ್ದು’ ಎಂದು ಫೋನಿಗೆ ಮುತ್ತು ಕೊಟ್ಟರು. ಗುರುತು ಹಾಕಿದೆ, ಕಳಿಸಿದೆ. ಅದರ ಹಿಂದೆಯೇ ಅವರು ನಲವತ್ತು ಮನೆ ಎಂದು ಇನ್ನೊಮ್ಮೆ ಹೇಳಿ ಧ್ವನಿ ಸಂದೇಶವನ್ನೂ ಕಳಿಸಿದರು. ಖಲಾಸ್ ಎಂದು ಕೈ ಒರೆಸಿಕೊಂಡು ಮೂವರೂ ಚಹಾ ಕುಡಿದೆವು.

ಶುಕ್ರವಾರ ನನಗೆ ರಜೆ. ನಮಾಜು ಮುಗಿದು ಅಂಗಡಿಯ ಕಿಟಕಿ ತೆರೆಯುವ ಹೊತ್ತಿಗೆ ಅಮ್ಮ ಒಳ್ಳೆಯ ಸೀರೆ ಉಟ್ಟು ಸಿದ್ಧಳಾಗಿದ್ದಳು, ಹುಡುಗಿ ನೋಡಲು ಬರುವವರು ನಮ್ಮ ಮನೆಗೇ ಬರುತ್ತಾರೋ ಎಂಬಂತೆ. ಹೋದರೆ ರೊಟ್ಟಿಯವರ ಮುಖ ಹಿಟ್ಟಿಗಿಂತ ಬಿಳಿ. ಊರಿನಿಂದ ಹೆಂಡತಿಯ ಫೋನು ಬಂದಿತ್ತು. ಬೀಗರು ಬಂದಿಲ್ಲ. ಅನ್ನ ಆರುತ್ತಿದೆ. ಹುಡುಗನ ಫೋನು ಹತ್ತುತ್ತಿಲ್ಲ. ಗುಡ್ಡದ ತಿರುವಿನವರೆಗೆ ತಮ್ಮ ಹೋಗಿ ನೋಡಿ ಬಂದಿದ್ದಾನೆ, ಧೂಳು ಕೂಡ ಎದ್ದಿಲ್ಲ. ಮಗಳು ಹೊಸ ಬಟ್ಟೆಯಲ್ಲೇ ಒಳಗಿನ ಕೋಣೆಗೆ ಹೋಗಿ ಕೂತಿದ್ದಾಳೆ, ಕರೆದರೆ ಮಾತಾಡುತ್ತಿಲ್ಲ.

‘ಅವರು ದೂರದಿಂದಲೇ ಊರು ನೋಡಿ ಹಿಂದೆ ಹೋಗಿದ್ದಾರೆ’ ಎಂದರು ರೊಟ್ಟಿಯವರು. ‘ನಲವತ್ತು ಅಂದೆ. ಬಂದು ಎಣಿಸಿದ್ದಾರೆ. ನನ್ನ ಬಾಯಿಂದ ಮಗಳ ಬಾಳು ಹೋಯಿತು.’

ನಾನು ಸುಮ್ಮನಿರಲಾರದೆ ಮ್ಯಾಪು ತೆರೆದು, ಗುರುತು ಸರಿಯಾಗಿದೆ, ನಿಮ್ಮ ಬಾಗಿಲು ಇತ್ತ, ಗುಡ್ಡ ಅತ್ತ, ಸೂರ್ಯ ಇಲ್ಲಿಂದ ಎಂದು ವಿವರಿಸತೊಡಗಿದೆ. ರೊಟ್ಟಿಯವರು ನಡುವೆ ತಡೆದರು.

‘ಸೂರ್ಯ ಎದುರಿಗೆ ಹುಟ್ಟುವುದಿಲ್ಲ. ಎಡಗೈಗೆ ಹುಟ್ಟುತ್ತದೆ.’

‘ಎಡಗೈಗಾ?’

‘ನಮ್ಮ ಕಡೆ ಬಾಗಿಲು ತೆಂಕಿಗೆ. ಚಳಿಗಾಲದಲ್ಲಿ ಬಿಸಿಲು ಒಳಗೆ ಬರಬೇಕಲ್ಲ.’

ಅಮ್ಮನಿಗೆ ಹೇಳಿದೆ. ಅವಳು ಸೀರೆಯ ಸೆರಗನ್ನು ಬಾಯಿಗೆ ಹಿಡಿದಳು. ‘ತೆಂಕಿಗೆ ಬಾಗಿಲಾ? ಯಮನ ದಿಕ್ಕಿಗಾ? ಊರಿಗೆ ಊರೇ?’ ಅವಳ ಜೀವಮಾನದಲ್ಲಿ ಅಂಥ ಊರಿರಬಹುದು ಎಂಬ ಸಂಶಯವೇ ಬಂದಿರಲಿಲ್ಲ, ನನ್ನ ಜೀವಮಾನದಲ್ಲೂ ಬಂದಿರಲಿಲ್ಲ. ಆ ಲೆಕ್ಕಕ್ಕೆ ಬಡಗಿನ ಹಿಡಿ ಇವರ ಊರು. ನಾವು ಬೀಗರನ್ನು ಕಳಿಸಿದ್ದು ಅಜ್ಜಂದಿರ ಕಾಲದಿಂದ ಮಾತಿಲ್ಲದ ಆ ಇನ್ನೊಂದು ಊರಿಗೆ. ಹಾಗಾದರೆ ಮುತ್ತು ಕೊಟ್ಟ ಕೊಳ ಯಾರದ್ದು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಒಳಗೆ ತಂದೂರಿನಲ್ಲಿ ರೊಟ್ಟಿ ಕರಟುತ್ತಿತ್ತು. ಹೊರಗೆ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ರೊಟ್ಟಿಯವರು ಫುಟ್‌ಪಾತಿಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತರು. ಅಮ್ಮ ಅವರ ಪಕ್ಕದಲ್ಲಿ ಕೂತು ‘ಬಾಗಿಲಿನದ್ದೇ ತಪ್ಪು’ ಎಂದು ನನಗೆ ಹೇಳಿದಳು. ‘ಅದನ್ನು ಅವರಿಗೆ ಹೇಳ್ಬೇಡ.’

ಸಂಜೆಯ ಬಿಸಿಲು ಇಳಿಯುವಾಗ ಫೋನು ಬಂತು. ತಮ್ಮನದ್ದು. ಅಲ್ಲಿಯ ಗದ್ದಲ ಫುಟ್‌ಪಾತಿನವರೆಗೂ ಕೇಳಿಸಿತು. ರೊಟ್ಟಿಯವರು ಎದ್ದು ನಿಂತರು, ಕೂತರು, ಮತ್ತೆ ಎದ್ದು ನಿಂತರು. ಮಾತು ಮುಗಿದ ಮೇಲೆ ನಮಗೆ ಹೇಳಿದರು. ಅವರಿಗೆ ನಡುನಡುವೆ ನಗು ಬರುತ್ತಿದ್ದುದರಿಂದ ತುಂಡು ತುಂಡಾಗಿ ಹೇಳಿದರು, ನಾನು ಕೂಡಿಸಿ ಬರೆಯುತ್ತಿದ್ದೇನೆ.

ಬೀಗರ ಕಾರು ಗುರುತಿನ ಪ್ರಕಾರವೇ ಹೋಗಿ ಆ ಇನ್ನೊಂದು ಊರಿನ ಮೊದಲ ಮನೆಯ ಮುಂದೆ ನಿಂತಿದೆ. ಮನೆಯ ಯಜಮಾನ ಆಡು ಸಾಕುವವನು. ಅಂಗಳಕ್ಕೆ ಬಂದವರನ್ನು ನೋಡಿ ಬನ್ನಿ ಬನ್ನಿ ಎಂದು ಒಳಗೆ ಕೂರಿಸಿದ. ಆ ಕಡೆಯ ಎರಡೂ ಊರುಗಳಲ್ಲಿ ಒಂದು ಕಟ್ಟಳೆ ಉಂಟು. ಬಂದ ಅತಿಥಿ ಉಂಡು ಚಹಾ ಕುಡಿಯುವವರೆಗೆ ನೀವು ಯಾರು, ಯಾಕೆ ಬಂದಿರಿ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಅನ್ನಕ್ಕೆ ಲೆಕ್ಕ ಕೇಳಿದ ಹಾಗೆ. ಬೀಗರೋ ಪೇಟೆಯ ಮರ್ಯಾದಸ್ಥರು, ಹುಡುಗಿಯ ಮಾತನ್ನು ಮನೆಯವರು ಎತ್ತದೆ ತಾವಾಗಿ ಎತ್ತುವವರಲ್ಲ. ಅವನು ಆಡು ಕಡಿಸಿದ, ನೆರೆಮನೆಗಳಿಂದ ಮೊಸರು, ಖರ್ಜೂರ ಬಂತು. ಬೀಗರು ಊರಿನ ಗಾಳಿಯನ್ನು ಹೊಗಳಿದರು, ಅವನು ಶಿರಾಜ್‌ನ ತೋಟಗಳನ್ನು ಹೊಗಳಿದ. ಹುಡುಗ ಮಾತ್ರ ಬಾಗಿಲು ಸದ್ದಾದಾಗಲೆಲ್ಲ ಕತ್ತು ಎತ್ತಿ ನೋಡುತ್ತಿದ್ದನಂತೆ. ಬರುತ್ತಿದ್ದದ್ದು ಆ ಮನೆಯ ಐದು ಗಂಡುಮಕ್ಕಳು, ಒಬ್ಬೊಬ್ಬನ ಕೈಯಲ್ಲಿ ಒಂದೊಂದು ತಟ್ಟೆ.

ಇದನ್ನು ಅಮ್ಮನಿಗೆ ಹೇಳಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ‘ಊರು ಕೇಳದೆ ಊಟ ಹಾಕಿದ್ರಾ?’

‘ಹಾಕಿದರು.’

‘ಊರು ಕೇಳದೆ?’

ಚಹಾ ಮುಗಿದ ಮೇಲೆ ಯಜಮಾನ ಕೇಳಿದ. ಬೀಗರು ಹೇಳಿದರು. ಅವನು ಎದ್ದು ನಿಂತ. ದಾರಿ ತೋರಿಸಿ ಕಳಿಸಬಹುದಿತ್ತು. ಆದರೆ ತನ್ನ ಮನೆಯಲ್ಲಿ ಉಂಡವರನ್ನು ಆ ಊರಿಗೆ ಒಂಟಿಯಾಗಿ ಕಳಿಸಿದರೆ, ನೋಡಿ ದಾರಿಗೂ ಜನ ಕೊಡಲಾರದವರು ಎಂದು ಆ ಊರಿನವರು ಆಡಿಕೊಳ್ಳುವುದಿಲ್ಲವೇ? ಪಿಕಪ್ ಹೊರಡಿಸಿದ. ಅವನೊಬ್ಬನೇ ಯಾಕೆ ಎಂದು ತಮ್ಮಂದಿರು ಹೊರಟರು. ಹೆಂಗಸರಿಗೆ ಹುಡುಗಿಯನ್ನು ನೋಡುವ ಆಸೆ. ಮುದುಕರಿಗೆ ಅಷ್ಟು ವರ್ಷ ನೋಡದೆ ಬಿಟ್ಟ ಊರು ಎಷ್ಟು ಹಾಳಾಗಿದೆ ಎಂದು ನೋಡುವ ಆಸೆ. ಬರಿಗೈಯಲ್ಲಿ ಹೋಗಬಾರದೆಂದು ಉಳಿದ ಮಾಂಸದ ಹಂಡೆಯನ್ನೂ ಏರಿಸಿಕೊಂಡರು. ಬೀಗರ ಕಾರು ಮುಂದೆ, ಹಿಂದೆ ಒಂದು ಊರಿಗೆ ಊರೇ, ಗುಡ್ಡ ಸುತ್ತಿ ಬಂದು ರೊಟ್ಟಿಯವರ ಬೀದಿಯಲ್ಲಿ ಇಳಿಯಿತು.

ಹುಡುಗನ ತಾಯಿ ಕಾರಿನಿಂದ ಇಳಿದು ನೋಡುತ್ತಾಳೆ, ಬೀದಿಯ ತುಂಬ ಜನ, ಮಾಡಿನ ಮೇಲೆ ಜನ, ಕೊಳದ ಕಟ್ಟೆಯ ಮೇಲೆ ಜನ. ಯಾರು ಯಾವ ಊರಿನವರೆಂದು ಆಕೆಗೆ ಹೇಗೆ ತಿಳಿಯಬೇಕು. ‘ಇಷ್ಟು ಜನರಾ?’ ಎಂದಳಂತೆ. ರೊಟ್ಟಿಯವರ ಹೆಂಡತಿ ಬುದ್ಧಿವಂತೆ, ಸುಳ್ಳೂ ಹೇಳಲಿಲ್ಲ. ‘ಇವತ್ತು ಶುಕ್ರವಾರ ಅಲ್ಲವೇ’ ಎಂದು ಬಾಗಿಲು ತೆರೆದಳು. ಆಮೇಲೆ ಇಲ್ಲಿಯೂ ಊಟಕ್ಕೆ ಕೂರಬೇಕಾಯಿತು, ಅದೂ ಹೊಟ್ಟೆ ಬಿರಿಯುವಷ್ಟು. ಹುಡುಗ ಬೇಡವೆನ್ನದೆ ಎರಡನೇ ಊಟವನ್ನೂ ಪೂರ್ತಿ ಮಾಡಿದ. ಹುಡುಗಿಯ ಅಜ್ಜಿ ಅವನ ತಟ್ಟೆ ನೋಡಿ ಅಲ್ಲೇ ಒಪ್ಪಿಬಿಟ್ಟಳಂತೆ.

ಮಾತು ಗಟ್ಟಿಯಾಯಿತು. ಅಂದು ಸಂಜೆ ಸಾಲಿನಲ್ಲಿ ನಿಂತವರಿಗೆಲ್ಲ ರೊಟ್ಟಿಯವರು ಬಾದಾಮಿ ಹಂಚಿದರು, ಹಾರ್ನ್ ಹೊಡೆದವರಿಗೂ. ಇದರ ಯಶಸ್ಸಿನಲ್ಲಿ ತನ್ನ ಪಾಲು ಎಷ್ಟು ಎಂಬುದನ್ನು ಅಮ್ಮ ರಾತ್ರಿಯ ಊಟದಲ್ಲಿ ವಿವರವಾಗಿ ಹೇಳಿದಳು. ಬಾಗಿಲು ಮೂಡಿಗೇ ಇರಬೇಕೆಂಬ ಮಾತನ್ನು ಹಿಂದೆ ತೆಗೆದುಕೊಳ್ಳಲು ಇವತ್ತಿಗೂ ಒಪ್ಪಿಲ್ಲ.

ಮದುವೆಗೆ ರೊಟ್ಟಿಯವರು ಊರಿಗೆ ಹೋದರು. ಕಿಟಕಿ ಮುಚ್ಚಿತ್ತು. ನಾವು ಸೂಪರ್‌ಮಾರ್ಕೆಟ್ಟಿನ ಕುಬೂಸ್ ರೊಟ್ಟಿ ತಂದು ತಿಂದೆವು, ಅಮ್ಮ ಅದರ ಊರನ್ನೂ ಕೇಳಲಿಲ್ಲ. ಅವರು ಮರಳಿ ಬಂದಾಗ ಅಮ್ಮ ಹೊರಡುವುದಕ್ಕೆ ಕೆಲವೇ ದಿನ ಉಳಿದಿತ್ತು. ಇಬ್ಬರೂ ಹೋದೆವು. ಮೀಸೆಗೆ ಹೊಸ ಬಣ್ಣ ಬಂದಿತ್ತು, ಮುಖದಲ್ಲಿ ಮಾತ್ರ ಲವಲವಿಕೆ ಇರಲಿಲ್ಲ. ಮದುವೆ ಚೆನ್ನಾಯಿತು ಎಂದರು. ಗುಡ್ಡದ ಎರಡೂ ಬದಿಯವರು ಬಂದರು, ಕುಣಿದರು. ಹೇಳುತ್ತಲೇ ತಂದೂರಿನ ಕಡೆ ತಿರುಗಿದರು.

ಅಮ್ಮ ಎಂದಿನಂತೆ ಕೀಟಲೆಗೆಂದೇ ಕೇಳಿಸಿದಳು. ‘ಈಗ ಎಷ್ಟು ಮನೆ, ಎಷ್ಟು ಜನ?’

ಐವತ್ತು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹಿಟ್ಟಿನ ಉಂಡೆಯನ್ನು ತಟ್ಟುತ್ತಾ ನಿಂತರು. ‘ಒಬ್ಬಳು ಕಡಿಮೆ, ಮಾದರ್’ ಎಂದರು. ‘ಅವಳು ಹೋದ ಮರುದಿನ ಬೆಳಿಗ್ಗೆ ಹೊರಗೆ ಬಂದು ನೋಡಿದೆ. ಊರು ಬಹಳ ದೊಡ್ಡದಾಗಿ ಕಂಡಿತು. ನನಗೆ ಇಷ್ಟು ದೊಡ್ಡ ಊರು ಬೇಡವಾಗಿತ್ತು.’

ದೋಹಾಕ್ಕೆ ಬಂದವರನ್ನು, ಕುವೈತಿಗೆ ಹೋದವರನ್ನು, ಸತ್ತ ಚಿಕ್ಕಪ್ಪನನ್ನು ಕೂಡ ಬಿಡದೆ ಹಿಡಿದುಕೊಂಡಿದ್ದ ಮನುಷ್ಯ ಮಗಳೊಬ್ಬಳನ್ನು ತಾನೇ ಕಳೆದುಬಿಟ್ಟಿದ್ದರು. ಇದನ್ನು ಅಮ್ಮನಿಗೆ ಹೇಳಿದೆ.

ಅಮ್ಮನಿಗೆ ಸಿಟ್ಟು ಬಂತು. ನಮ್ಮದು ಅಳಿಯಸಂತಾನದ ಕಟ್ಟು. ಹೆಣ್ಣು ಮದುವೆಯಾಗಿ ಎಲ್ಲಿಗೇ ಹೋಗಲಿ, ಅವಳೂ ಅವಳ ಮಕ್ಕಳೂ ತಾಯಿಯ ಮನೆಯವರೇ. ‘ಹೆಣ್ಣನ್ನು ಕಳೀಲಿಕ್ಕಿಲ್ಲ ಅಂತ ಹೇಳು’ ಎಂದಳು. ‘ನಾನು ಮದುವೆಯಾಗಿ ಎಷ್ಟು ವರ್ಷ ಆಯ್ತು, ನನ್ನನ್ನು ಯಾರಾದ್ರೂ ಕಳೆದಿದ್ದಾರಾ? ಈಗ್ಲೂ ನನಗೆ ಊರು ಎಲ್ಲಾಯ್ತು ಅಂತ ಕೇಳಿದ್ರೆ ನಾನು ಹೇಳುದು ನನ್ನ ಅಮ್ಮನ ಮನೆಯನ್ನು. ಅವಳು ಊರಿನ ಲೆಕ್ಕದಲ್ಲೇ ಇರ್ಲಿ. ಹುಟ್ಟುವ ಮಕ್ಕಳನ್ನು ಕೂಡಿಸ್ಲಿಕ್ಕೆ ಹೇಳು.’

ನನಗೆ ತಿಳಿದ ಹಿಂದಿಯಲ್ಲಿ ಹೇಳಿದೆ. ರೊಟ್ಟಿಯವರು ನನ್ನನ್ನು ಬಿಟ್ಟು ಅಮ್ಮನನ್ನೇ ನೋಡಿದರು. ಹೀಗೂ ಲೆಕ್ಕ ಮಾಡುವ ಊರು ಇದೆಯೇ ಎಂದು ಕೇಳಿದರು. ಉಂಟು ಎಂದಳು ಅಮ್ಮ. ಅವರು ಹಿಟ್ಟು ಮೆತ್ತಿದ ಕೈಯಲ್ಲೇ ಬೆರಳು ಮಡಚಿ ಮೊದಲಿನಿಂದ ಎಣಿಸಿದರು, ಮನೆ ಮನೆಯಾಗಿ, ಒಬ್ಬೊಬ್ಬರ ಹೆಸರು ಹಿಡಿದು. ಮಗಳ ಹೆಸರು ಬಂದಾಗ ನಿಲ್ಲದೆ ಮುಂದಕ್ಕೆ ಹೋದರು. ಒಟ್ಟು ಎಷ್ಟಾಯಿತೆಂದು ನನಗೆ ನೆನಪಿಲ್ಲ, ನಿಜಕ್ಕಿಂತ ಬಹಳ ಹೆಚ್ಚೇ ಇತ್ತು. ಅಮ್ಮ ಒಂದನ್ನೂ ಕಳೆಯಲು ಹೇಳದೆ ಪೂರ್ತಿ ಕೇಳಿಸಿಕೊಂಡು, ‘ಸರಿ ಉಂಟು’ ಎಂದಳು.